ಯಂತ್ರಗಳೇ ಎಲ್ಲ ಕೆಲಸ ಮಾಡಿದರೆ ಮೇಲು-ಕೀಳು ಹೋಗುತ್ತದೆಯೇ?

ತಾನಾಗಿಯೇ ಹೋಗುವುದಿಲ್ಲ. ಮೇಲು-ಕೀಳು ಗಟ್ಟಿಯಾಗಿದ್ದು ಬೇಸಾಯ ಬಂದ ಮೇಲೆ. ಕಾಳು ಕೂಡಿಡುವುದು ಶುರುವಾಯಿತು, ಕಣಜ ಯಾರ ಕೈಯಲ್ಲಿತ್ತೋ ಅವರು ಮೇಲಾದರು. ಈಗಿನ ಇರಾಕಿನ ಕಡೆ ಇದ್ದ ಪ್ರಾಚೀನ ಸುಮೇರಿನಲ್ಲಿ ಕಣಜ ದೇವಸ್ಥಾನ, ಅರಮನೆಗಳ ಕೈಯಲ್ಲಿತ್ತು. ನಮ್ಮಲ್ಲಿ ಅದೂ ಸಾಲದೆ ಕೆಲಸವನ್ನೇ ಹುಟ್ಟಿಗೆ ಗಂಟು ಹಾಕಿದರು.

ಮಲ ಹೊರುವ ಕೆಲಸವನ್ನೇ ನೋಡಿ. 1970ರ ದಶಕದಲ್ಲಿ ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ಕರ್ನಾಟಕ ಅದನ್ನು ನಿಷೇಧಿಸಿತು, 1993ರಲ್ಲಿ, ಮತ್ತೆ 2013ರಲ್ಲಿ ದೇಶದ ಕಾನೂನು ಬಂತು, 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲ್‌ಗೆ ರೋಬೋಟ್ ಕೂಡ ಇಳಿಯಿತು. ಆದರೂ ಗುಂಡಿಯಲ್ಲಿ ಜನ ಸಾಯುತ್ತಲೇ ಇದ್ದಾರೆ. ಯಂತ್ರ ಇಲ್ಲ ಅಂತಲ್ಲ, ಮನುಷ್ಯ ಅಗ್ಗಕ್ಕೆ ಸಿಗ್ತಾನಲ್ವಾ! ಆ ರೋಬೋಟ್ ನಡೆಸುವ ಕೆಲಸ, ಒಳ್ಳೆ ಸಂಬಳದ ಜೊತೆ, ಮೊದಲು ಗುಂಡಿಗೆ ಇಳಿಯುತ್ತಿದ್ದವರಿಗೇ ಸಿಕ್ಕರೆ ಮಾತ್ರ ಸ್ವಲ್ಪ ಬದಲಾಗಬಹುದು.