ಗಣಿ ಜಿಲ್ಲೆಯ ಶಾಲೆಗಳಿಗೆ ಹಣ ಎಲ್ಲಿಂದ ಬರಬೇಕು?

ಬಳ್ಳಾರಿಯಲ್ಲಿ ಇಷ್ಟೊಂದು ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಇರುವಾಗ ಸರ್ಕಾರಿ ಶಾಲೆಗಳ ಭಾರವನ್ನು ಕಂಪನಿಗಳೇ ಹೊರಬಾರದೇಕೆ ಎಂದು ನೀವು ಕೇಳಿದ್ದೀರಿ. ಆದರೆ ಅದಿರು ಇರುವುದು ಸಂಡೂರಿನ ಗುಡ್ಡಗಳಲ್ಲಿ, ಜಿಂದಾಲ್ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ. ಆಂಧ್ರಕ್ಕೆ ಅಂಟಿಕೊಂಡಿರುವ ನಮ್ಮ ಸಿರುಗುಪ್ಪದ ಕಡೆ ಇರುವುದು ತುಂಗಭದ್ರೆಯ ನೀರು, ಭತ್ತದ ಗದ್ದೆ ಮತ್ತು ಕೂಲಿ.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ತಾವಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹೀಗಾಗಿ ಈ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣ ಸಹಜವಾಗಿಯೇ ಕಾರ್ಖಾನೆಯ ನೆರೆಹೊರೆಯಲ್ಲಿ ಉಳಿಯುತ್ತದೆ. ಜಿಲ್ಲಾ ಖನಿಜ ನಿಧಿಯನ್ನು ಇದರೊಂದಿಗೆ ಬೆರೆಸಬೇಡಿ. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಹಳೆಯ ಗಣಿ ಗುತ್ತಿಗೆದಾರರು ರಾಜಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಶೇ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನೂ ಆ ನಿಧಿಗೆ ಕಟ್ಟಬೇಕು. ಅದು ಯಾರ ದಾನವೂ ಅಲ್ಲ, ಗಣಿ ದೂಳು ಕುಡಿದ ಜನರ ಹಕ್ಕು. ಅದರಿಂದ ಕಟ್ಟಿದ ಕೊಠಡಿಯ ಮೇಲೆ ಕಂಪನಿಯ ಹೆಸರು ಇರಕೂಡದು ಎಂಬುದು ನನ್ನ ದೃಢ ಅಭಿಪ್ರಾಯ.

ಕೊಠಡಿ, ಶೌಚಾಲಯ, ಕಂಪ್ಯೂಟರುಗಳನ್ನು ಯಾರು ಕೊಟ್ಟರೂ ಸಂತೋಷವೇ. ಗಡಿಯ ಶಾಲೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ನಿಲ್ಲುವ ಮೇಷ್ಟ್ರು. ಮನೆಯಲ್ಲಿ ತೆಲುಗು ಮಾತನಾಡುವ ಮಗು ಕನ್ನಡದಲ್ಲಿ ಓದಿ ಬರೆಯುವಂತಾಗಲು ಒಬ್ಬರೇ ಶಿಕ್ಷಕರು ಎರಡು ಮೂರು ವರ್ಷ ಜೊತೆಗಿರಬೇಕು. ಹೊರಗಿನಿಂದ ಬಂದವರು ವರ್ಗಾವಣೆಗೆ ಕಾಯುತ್ತಾರೆ, ಆ ಜಾಗಕ್ಕೆ ಬರುವ ಅತಿಥಿ ಶಿಕ್ಷಕರು ಅಲ್ಪ ಗೌರವಧನದಲ್ಲಿ ವರ್ಷ ಮುಗಿಸುತ್ತಾರೆ. ಕಾಯಂ ನೇಮಕವನ್ನೂ ಸಂಬಳವನ್ನೂ ಸರ್ಕಾರವೇ ಕೊಡಬೇಕಲ್ಲದೆ ಲಾಭ ಏರಿಳಿಯುವ ಕಂಪನಿ ಕೊಡಲಾರದು.

ಖಾಸಗಿ ಸಂಪತ್ತಿನ ನೆರವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಶಾಲೆಯ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನವೂ ಸಿಗುವಂತಾದದ್ದು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ. ಕೂಲಿಯವರ ಮಕ್ಕಳಿಗೆ ಅದು ನಿಜವಾದ ಊಟ. ಆದರೆ ಆ ಒಪ್ಪಂದ ಮೂರು ವರ್ಷದ್ದು. ಅದು ಮುಗಿದ ಮೇಲೂ ಮೊಟ್ಟೆ ನಿಲ್ಲದಂತೆ ರಾಜ್ಯದ ಬಜೆಟ್ಟಿನಲ್ಲಿ ಈಗಿನಿಂದಲೇ ಹಣ ತೆಗೆದಿಡಬೇಕೆಂದು ನಾವು ಕೇಳುತ್ತಿದ್ದೇವೆ.