ಸೇನೆಯ ಧರ್ಮಗುರುವಿಗೆ ಪೂಜೆಯ ಹೊರತು ಬೇರೆ ಕೆಲಸವೇನು?

ನಿಮ್ಮ ತಂದೆಯವರು ನಿವೃತ್ತ ಹವಾಲ್ದಾರರು ಎಂದೂ, ಅವರು ಆಗಾಗ ನೆನೆಯುವ 'ಪಂಡಿತ್‌ಜೀ' ಪಲ್ಟನ್ನಿನಲ್ಲಿ ಪೂಜೆಯಲ್ಲದೆ ಮತ್ತೇನು ಮಾಡುತ್ತಿದ್ದರೆಂದೂ ಕೇಳಿದ್ದೀರಿ. ನಾನೇ ಅಂಥ ಪಂಡಿತನಾಗಿದ್ದು, ಸುಬೇದಾರನಾಗಿ ನಿವೃತ್ತಿ ಹೊಂದಿ ಬೆಳಗಾವಿಯಲ್ಲಿ ನೆಲೆಸಿರುವುದರಿಂದ ಉತ್ತರಿಸುತ್ತಿದ್ದೇನೆ.

ಪಂಡಿತ, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಯಾರೇ ಆಗಲಿ, ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇನೆ ಸೇರುತ್ತಾರೆ. ಪುಣೆಯ ರಾಷ್ಟ್ರೀಯ ಏಕೀಕರಣ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಾರೆ. ಇಲ್ಲಿನ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ನಡೆಯುವ ಕಸಮ್ ಪರೇಡನ್ನು, ಅಂದರೆ ಹೊಸ ಸೈನಿಕರ ಪ್ರಮಾಣವಚನದ ಕವಾಯತನ್ನು, ನೀವು ನೋಡಿರಬಹುದು. ಅಲ್ಲಿ ಧರ್ಮಗ್ರಂಥವನ್ನು ಸಾಕ್ಷಿಯಾಗಿರಿಸಿ ಪ್ರಮಾಣ ಮಾಡಿಸುವವರೂ ನಾವೇ. ಆಸ್ಪತ್ರೆಯ ಗಾಯಾಳುಗಳ ಬಳಿ ಕೂಡುವುದು, ಶಿಕ್ಷೆ ಅನುಭವಿಸುತ್ತಿರುವ ಜವಾನನನ್ನು ಕಾಣುವುದು, ಅಂತ್ಯಕ್ರಿಯೆ ನಡೆಸುವುದು ಇವೆಲ್ಲ ನಮ್ಮ ಕರ್ತವ್ಯದಲ್ಲೇ ಸೇರಿವೆ. ರಜೆ ಸಿಗದ ಹುಡುಗನು ಊರಿನ ಹೊಲದ ತಂಟೆಯನ್ನು ಮೇಲಧಿಕಾರಿಗೆ ಹೇಳಲಾರದೆ ಮಂದಿರದ ಕಟ್ಟೆಯ ಮೇಲೆ ಕುಳಿತು ನನಗೆ ಹೇಳುತ್ತಿದ್ದನು. ಮಂತ್ರಕ್ಕಿಂತ ಆ ಕೇಳುವಿಕೆಯೇ ನನ್ನ ಮುಖ್ಯ ಉದ್ಯೋಗವಾಗಿತ್ತೆಂದು ಈಗ ಅನ್ನಿಸುತ್ತದೆ.

ನಿವೃತ್ತಿಯ ನಂತರ ಆ ಉದ್ಯೋಗ ಕಾಗದಪತ್ರಗಳ ಕಡೆಗೆ ಹೊರಳಿತು. ಗಂಡ ತೀರಿಕೊಂಡ ಮನೆಗೆ ಸಾಂತ್ವನ ಹೇಳಲು ಹೋದವನು ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರದ ಪುಸ್ತಕ) ತೆಗೆಸಿ ನೋಡುವುದು ರೂಢಿಯಾಯಿತು, ಏಕೆಂದರೆ ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಹಲವು ಮನೆಗಳಲ್ಲಿದ್ದು, ಸೇನಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಉಳಿದು ಕುಟುಂಬ ಪಿಂಚಣಿ ನಿಂತುಬಿಡುತ್ತದೆ. ಮುಧೋಳ ಕಡೆಯ ಒಬ್ಬ ತಾಯಿಗೆ ಇದಕ್ಕಾಗಿಯೇ ಒಂದು ಕಚೇರಿ ಹದಿನಾಲ್ಕು ತಿಂಗಳು ಅಲೆಸಿತು. ಪ್ರತಿ ಸಲ ಹೊಸದೊಂದು ಅಫಿಡವಿಟ್ ಕೇಳುತ್ತಿದ್ದರು, ಹಿಂದಿನದನ್ನು ಓದಿದ ಲಕ್ಷಣ ಕಾಣಲಿಲ್ಲ.

ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರದ್ದು ಬೇರೆಯದೇ ಪಾಡು. 2014ರಿಂದ ಅದನ್ನು ಬೆರಳಚ್ಚಿನ ಮೂಲಕ ಆನ್‌ಲೈನಿನಲ್ಲಿಯೇ ಸಲ್ಲಿಸಬಹುದಾದರೂ, ಕಬ್ಬು ಕಡಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆಯಾದ್ದರಿಂದ ಮುದುಕರನ್ನು ಅಂಗಳದ ಬೆಳಕಿಗೆ ಕೂರಿಸಿ ನಾನೇ ಮಾಡಿಕೊಡುತ್ತೇನೆ. (ಕಣ್ಣು ಮಿಟುಕಿಸಿರಿ ಎಂದರೆ ಎದೆ ಸೆಟೆಸಿ ಸಾವಧಾನ್ ಆಗುವವರೇ ಹೆಚ್ಚು.)

ನಿಮ್ಮ ತಂದೆಯವರ ಡಿಸ್ಚಾರ್ಜ್ ಬುಕ್ಕಿನಲ್ಲಿ ತಾಯಿಯವರ ಹೆಸರು, ಜನ್ಮದಿನಾಂಕ ಹೇಗಿವೆಯೆಂದು ಈ ವಾರವೇ ಆಧಾರ್ ಜೊತೆ ತಾಳೆ ನೋಡಿರಿ. ವ್ಯತ್ಯಾಸವಿದ್ದರೆ ತಂದೆಯವರಿರುವಾಗಲೇ ಅವರ ಸಹಿಯಿಂದ ಅರ್ಜಿಯನ್ನು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳುಹಿಸಿರಿ.