ನ್ಯಾನೊಡೈಮಂಡ್‌ಗೆ ಆಂಟಿಬಾಡಿ ಜೋಡಿಸಲು ಇಡಿಸಿ ಒಳ್ಳೆಯದಾ, ಕ್ಲಿಕ್ ಕೆಮಿಸ್ಟ್ರಿ ಒಳ್ಳೆಯದಾ?

ಕೋಶದೊಳಗೆ ಉಷ್ಣತೆ ಅಳೆಯಲು ನ್ಯಾನೊಡೈಮಂಡ್‌ಗೆ, ಅಂದರೆ ಅತಿ ಚಿಕ್ಕ ವಜ್ರದ ಕಣಕ್ಕೆ, ಆಂಟಿಬಾಡಿ (ನಿರ್ದಿಷ್ಟ ಗುರಿಯನ್ನು ಹಿಡಿಯುವ ಪ್ರೋಟೀನ್) ಜೋಡಿಸಬೇಕು ಅಂದಿದ್ದೀರಿ. ಇಡಿಸಿ ಎರಡು ಅಣುಗಳನ್ನು ಬೆಸೆಯಲು ನೆರವಾಗುವ ರಾಸಾಯನಿಕ; ಕ್ಲಿಕ್ ಕೆಮಿಸ್ಟ್ರಿ ಒಂದಕ್ಕೊಂದು ಮಾತ್ರ ಹೊಂದುವ ಎರಡು ಗುಂಪುಗಳನ್ನು ಬೆಸೆಯುವ ವಿಧಾನ. ಪಿಎಚ್‌ಡಿ ಮಾಡುವಾಗ ನಾನೂ ಇದೇ ಪ್ರಶ್ನೆಗೆ ಜೋತುಬಿದ್ದಿದ್ದೆ. ಈ ಎರಡರಲ್ಲಿ ಆರಿಸುವ ಹೊತ್ತು ನಿಮಗಿನ್ನೂ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಂಟಿಬಾಡಿ ನಿಜವಾಗಿ ಬಂಧವಾಗಿದೆಯಾ, ಸುಮ್ನೆ ಅಂಟಿಕೊಂಡಿದೆಯಾ ಅಂತ ಹೇಗೆ ಪತ್ತೆ ಮಾಡುತ್ತೀರಿ? ಮೊದಲು ಅದು.

ನಾನು ಇಡಿಸಿ ಬಳಸಿದ್ದೆ. ವಜ್ರದ ಮೇಲಿನ ಕಾರ್ಬಾಕ್ಸಿಲ್ ಗುಂಪು ಮತ್ತು ಆಂಟಿಬಾಡಿಯ ಅಮೀನ್ ಗುಂಪು ಸೇರಿ ಅಮೈಡ್ ಅನ್ನುವ ಗಟ್ಟಿ ಬಂಧ ಆಗಬೇಕು. ಆಂಟಿಬಾಡಿಗೆ ಹಸಿರು ಡೈ ಹಾಕಿದ್ದೆ. ಸೆಂಟ್ರಿಫ್ಯೂಜ್ ಮಾಡಿ ಬಫರ್‌ನಲ್ಲಿ ಎಷ್ಟು ತೊಳೆದರೂ ಟ್ಯೂಬಿನ ತಳದ ಪುಡಿ ಹಸಿರಾಗಿಯೇ ಹೊಳೆಯುತ್ತಿತ್ತು. ಕೆಲಸ ಆಯಿತು ಅಂತ ಜೀವಕೋಶಗಳ ಮೇಲೆ ಹಾಕಿದೆ. ಆಂಟಿಬಾಡಿ ಇದ್ದ ಕಣ, ಇಲ್ಲದ ಕಣ ಎರಡೂ ಒಂದೇ ಥರ ವರ್ತಿಸಿದವು. ಆಂಟಿಬಾಡಿ ಕೆಟ್ಟಿರಬೇಕು ಅಂತ ಹೊಸದು ತರಿಸಿದೆ. ಇಡಿಸಿ ಜಾಸ್ತಿ ಹಾಕಿದೆ. ಜೀವಕೋಶ ಬದಲಿಸಿದೆ.

ಇಡಿಸಿ ಹಾಕದ ಒಂದು ಟ್ಯೂಬ್ ಪಕ್ಕದಲ್ಲಿ ಇಟ್ಟಿರಲೇ ಇಲ್ಲ. ಎಲ್ಲಾ ಕೆಟ್ಟಿದ್ದು ಅಲ್ಲೇ. ಕೊನೆಗೆ ಇಟ್ಟು ನೋಡಿದರೆ ಅದೂ ಅಷ್ಟೇ ಹಸಿರು! ವಜ್ರದ ಮೇಲ್ಮೈ ಪ್ರೋಟೀನನ್ನು ಯಾವ ರಾಸಾಯನಿಕ ಬಂಧವೂ ಇಲ್ಲದೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬರೀ ಬಫರ್‌ಗೆ ಅದು ಬಿಡುವುದಿಲ್ಲ. ಜೀವಕೋಶಗಳ ಜೊತೆಗಿರುವ ಸೀರಮ್‌ಗೆ (ಪ್ರೋಟೀನ್ ತುಂಬಿದ ರಕ್ತದ ದ್ರವ) ಹೋದಾಗ ಮಾತ್ರ ಬೇರೆ ಪ್ರೋಟೀನ್‌ಗಳು ನುಗ್ಗಿ, ಇದನ್ನು ಎಬ್ಬಿಸಿ ತಾವು ಕೂರುತ್ತವೆ. ಸುಮ್ನೆ ಅಂಟಿದ ಪ್ರೋಟೀನನ್ನು ಕಿತ್ತುಹಾಕುವ ಡಿಟರ್ಜೆಂಟ್ ಎಸ್‌ಡಿಎಸ್ ಅನ್ನು ಬಿಸಿ ಮಾಡಿ ಅದರಲ್ಲಿ ತೊಳೆದೆ. ಎರಡೂ ಟ್ಯೂಬುಗಳ ಹಸಿರು ಮೇಲಿನ ದ್ರವಕ್ಕೆ ಬಂದುಬಿಟ್ಟಿತು. ಬಂಧ ಆಗಿದ್ದರೆ ಇಡಿಸಿ ಹಾಕಿದ್ದರಲ್ಲಾದರೂ ಉಳಿಯಬೇಕಿತ್ತು, ಅಲ್ವಾ? ಆ ಒಂದು ಟ್ಯೂಬ್ ಮೊದಲ ದಿನವೇ ಇಟ್ಟಿದ್ದರೆ ಅಷ್ಟೂ ಆಂಟಿಬಾಡಿ ಉಳಿಯುತ್ತಿತ್ತು.

ಹಾಗಾಗಿ ಮೊದಲು ಮೇಲ್ಮೈ ಸರಿ ಮಾಡಿ. ಪುಡಿಯನ್ನು ಗಾಳಿಯಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗ್ರಾಫೈಟ್ ಥರದ ಕಾರ್ಬನ್ ಉರಿದುಹೋಗುತ್ತದೆ, ಬೂದು ಬಣ್ಣ ತಿಳಿಯಾಗುತ್ತದೆ. ಆಮೇಲೆ ಆಸಿಡ್ ಮಿಶ್ರಣದಲ್ಲಿ ಶುದ್ಧಿ ಮಾಡಿ. ಅದರ ಮೇಲೆ ಪಾಲಿಗ್ಲಿಸರಾಲ್ ಅನ್ನುವ ನೀರುಪ್ರಿಯ ಪಾಲಿಮರ್ ಪದರ ಬೆಳೆಸಿ. ಬರಿಯ ಕಣಗಳಿಗೆ ಉಪ್ಪಿನ ಬಫರ್ ಹಾಕಿದ ಕೂಡಲೇ ದ್ರವ ಕದಡಿ ತಳ ಸೇರುವುದನ್ನು ನೀವೂ ನೋಡಿರುತ್ತೀರಿ. ಈ ಪದರ ಅದನ್ನೂ ತಡೆಯುತ್ತದೆ, ಪ್ರೋಟೀನ್ ಸುಮ್ನೆ ಅಂಟುವುದನ್ನೂ ತುಂಬಾ ಕಡಿಮೆ ಮಾಡುತ್ತದೆ. ಇಷ್ಟಾದ ಮೇಲೆ ನಾನಾದರೆ ಕ್ಲಿಕ್ ಆರಿಸುತ್ತೇನೆ, ಆದರೆ ಇಡಿಸಿ ಬಳಸಿದರೂ ನಡೆಯುತ್ತದೆ.

ಕೋಶದೊಳಗೆ ಉಷ್ಣತೆ ಅಳೆಯಬೇಕು ಅಂದಿದ್ದೀರಿ. ಹಾಗಿದ್ದರೆ ಹೈಡ್ರೋಜನ್ ಪರಮಾಣುಗಳಿಂದ ಮುಚ್ಚಿದ ಮೇಲ್ಮೈ ಬೇಡವೇ ಬೇಡ. ಉಷ್ಣತೆ ಅಳೆಯುವುದು ವಜ್ರದೊಳಗಿನ ಎನ್‌ವಿ ಕೇಂದ್ರಗಳಿಂದ (ನೈಟ್ರೋಜನ್ ಪರಮಾಣು ಮತ್ತು ಪಕ್ಕದ ಖಾಲಿ ಜಾಗ ಸೇರಿದ ದೋಷ). ಹೈಡ್ರೋಜನ್ ಇದ್ದರೆ ಮೇಲ್ಮೈಗೆ ಹತ್ತಿರದ ಈ ಕೇಂದ್ರಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ, 2.87 ಗಿಗಾಹರ್ಟ್ಸ್‌ನ ಸಿಗ್ನಲ್ ಸೊರಗುತ್ತದೆ. ಡಿಗ್ರಿಗೆ ಸುಮಾರು 74 ಕಿಲೋಹರ್ಟ್ಸ್ ಮಾತ್ರ ಸರಿಯುವ ಸಿಗ್ನಲ್ ಅದು, ಸೊರಗಿದರೆ ಏನೂ ಸಿಗುವುದಿಲ್ಲ. ವಜ್ರದ ಟ್ರಾನ್ಸಿಸ್ಟರ್ ಸೆನ್ಸರ್ ಮಾಡುವವರಿಗೆ ಮಾತ್ರ ಹೈಡ್ರೋಜನ್ ಬೇಕು, ಅವರಿಗೆ ಮೇಲ್ಮೈಯಲ್ಲಿ ವಿದ್ಯುತ್ ಹರಿಯಬೇಕಲ್ಲ.

ನಿಮ್ಮದು ಡಿಟೊನೇಷನ್ ಪುಡಿ, ಅಂದರೆ ಸ್ಫೋಟದಿಂದ ತಯಾರಿಸಿದ್ದಾಗಿದ್ದರೆ, ಗಾಳಿಯಲ್ಲಿ ಕಾಯಿಸುವ ಉಷ್ಣತೆಯನ್ನು ಇನ್ನೂ ಇಳಿಸಿ. ಸುಮಾರು 5 ನ್ಯಾನೊಮೀಟರ್‌ನ ಆ ಕಣಗಳು ಬೇಗ ಉರಿದುಹೋಗುತ್ತವೆ.